ಕೆರೆಯ ಈಚೆ ಡೇರೆ, ಆಚೆ ಅಕ್ಕ

ಪರಸ್ಥಳದಲ್ಲಿ ನಿದ್ದೆ ಬರುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಬಹಳ ಗೌರವ. ಅವರದು ಸೂಕ್ಷ್ಮ ಪ್ರಕೃತಿ ಇರಬೇಕು, ಮನೆತನ ದೊಡ್ಡದಿರಬೇಕು, ಮನಸ್ಸಾಕ್ಷಿಯೂ ಸ್ವಲ್ಪ ಎಚ್ಚರವಾಗಿರಬೇಕು. ನನಗೆ ಆ ಭಾಗ್ಯವಿಲ್ಲ. ಶಿವಮೊಗ್ಗದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ನಿದ್ದೆ ಮಾಡಿದವನು ನಾನು. ಮದುವೆಮನೆಯ ಉಗ್ರಾಣದಲ್ಲಿ ಕುಂಬಳಕಾಯಿಗಳ ನಡುವೆ ಮಲಗಿ, ಮರುದಿನ ಮುಹೂರ್ತ ಮುಗಿದ ಮೇಲೆ ಅಡುಗೆಯವರ ಕೈಲಿ ಎಬ್ಬಿಸಿಕೊಂಡವನು. ಆದರೂ ನಿನ್ನ ಜೀವಮಾನದಲ್ಲಿ ಅತ್ಯಂತ ಸುಖವಾಗಿ ಮಲಗಿದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ಮಳೆಬೆಳೆಯ ಕಡೆಗೆ ಮಾತು ತಿರುಗಿಸುತ್ತೇನೆ. ಏಕೆಂದರೆ ಅದನ್ನು ಹೇಳಲು ಹೊರಟರೆ ಹೊಸಬಾಳೆಯ ಕೆರೆ, ಒಂದು ಬುಟ್ಟಿ ಹೋಳಿಗೆ, ನಮ್ಮಕ್ಕನ ಎಡತೋಳು ಎಲ್ಲವನ್ನೂ ಹೇಳಬೇಕಾಗುತ್ತದೆ. ಹೋದ ತಿಂಗಳವರೆಗೆ ನನ್ನ ಹೆಂಡತಿಗೂ ಈ ವಿಷಯ ಗೊತ್ತಿರಲಿಲ್ಲ. ಈಗ ಅವಳಿಗೆ ಗೊತ್ತಾಗಿದೆಯಾದ್ದರಿಂದ ಇನ್ನು ಯಾರಿಗೆ ಗೊತ್ತಾದರೂ ನನಗೆ ಹೆಚ್ಚಿನ ನಷ್ಟವೇನಿಲ್ಲ.

ಐವತ್ತರ ದಶಕದ ಕೊನೆ. ಆಗ ನಾನು ಶಿಕಾರಿಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಒಬ್ಬ ಇಂಗ್ಲಿಷಿನವನನ್ನೂ ಎದುರಿಗೆ ಕಂಡವನಲ್ಲ. ಅದರಿಂದ ಪಾಠಕ್ಕೇನೂ ತೊಂದರೆಯಾಗಿರಲಿಲ್ಲ. ಹೀಗಿರುವಾಗ, ಪರದೇಶದ ಶ್ರೀಮಂತರನ್ನು ಶಿಕಾರಿಗೆ ಕರೆತಂದು ಕಾಡಿನಲ್ಲಿ ಡೇರೆ ಹೊಡೆಸಿ ಉಪಚಾರ ಮಾಡುವ ಒಬ್ಬ ನಿವೃತ್ತ ಮೇಜರ್ ಸಾಹೇಬರು ನಮ್ಮೂರಿಗೆ ಬಂದರು. ಅವರಿಗೆ ಕನ್ನಡ ಬಾರದು. ಹಳ್ಳಿಯವರ ಮಾತನ್ನು ಇಂಗ್ಲಿಷಿಗೆ, ಸಾಹೇಬರ ಮಾತನ್ನು ಕನ್ನಡಕ್ಕೆ ತಿರುಗಿಸಲು ಒಬ್ಬ ದುಭಾಷಿ ಬೇಕಾಗಿತ್ತು. ನಮ್ಮ ಕಂದಾಯ ಕಚೇರಿಯ ಶೇಕದಾರರು, "ಇಡೀ ತಾಲ್ಲೂಕಿನಾಗೆ ಇಂಗ್ಲಿಷಿನಾಗೆ ಸಿಟ್ಟು ಮಾಡಿಕೊಳ್ಳೋರು ಇವರೊಬ್ಬರೇ ಸಾರ್" ಎಂದು ನನ್ನನ್ನು ಮುಂದೆ ತಳ್ಳಿದರು. ಐದು ದಿನ ಸೊರಬದ ಕಡೆ ಡೇರೆಯಲ್ಲಿ ವಾಸ. ನನಗೇ ಒಂದು ಪ್ರತ್ಯೇಕ ಡೇರೆ, ಸ್ಪ್ರಿಂಗಿನ ಮಂಚ, ಸೊಳ್ಳೆಪರದೆ, ಸೇವೆಗೆ ಬಟ್ಲರ್. ಮೇಜರ್ ಇದನ್ನೆಲ್ಲ ಜೀಪಿನಿಂದ ಇಳಿಯದೆಯೇ ಹೇಳಿದರು. ನಾನು ಜೀಪಿನ ಬಾಗಿಲು ಹಿಡಿದುಕೊಂಡೇ ಒಪ್ಪಿದೆ.

ತೊಡಕೆಂದರೆ, ಅದೇ ವಾರ ಹೊಸಬಾಳೆಯಿಂದ ನಮ್ಮ ಗೌರಕ್ಕನ ಕಾರ್ಡು ಬಂದಿತ್ತು. ತಾಯಿ ಹೋದ ಮೇಲೆ ನನಗೆ ಎಣ್ಣೆ ಹಚ್ಚಿ ನೀರು ಹಾಕಿ ದೊಡ್ಡವನನ್ನಾಗಿ ಮಾಡಿದವಳು ಈ ಅಕ್ಕ. ಸೋಮವಾರ ಅವಳ ಮಗಳು ನೀಲಳನ್ನು ನೋಡಲು ಉಡುತಡಿಯವರು ಬರುತ್ತಾರೆ, ಹುಡುಗಿಯ ಸೋದರಮಾವ ಇಲ್ಲದೆ ಮಾತು ಮುಂದುವರಿಯುವುದಿಲ್ಲ, ಎರಡು ದಿನ ಮೊದಲೇ ಬಾ ಎಂದು ಯಾರ ಕೈಲೋ ಬರೆಸಿದ್ದಳು. ಸೋದರಮಾವನ ಕೆಲಸ ನನಗೆ ಹೊಸದಲ್ಲ. ಜಮಖಾನೆಯ ಮೇಲೆ ನೆಟ್ಟಗೆ ಕೂತು, ಬಂದವರ ಊರಿನ ಬಾವಿಯಲ್ಲಿ ನೀರು ಎಷ್ಟಿದೆ ಎಂದು ವಿಚಾರಿಸಿ, ಅವಲಕ್ಕಿ ತಿನ್ನುವುದು. ಜಮಖಾನೆ ಒಂದು ಕಡೆ, ಸ್ಪ್ರಿಂಗಿನ ಮಂಚ ಒಂದು ಕಡೆ. ಅರ್ಧ ದಿನ ಒದ್ದಾಡಿದ ಹಾಗೆ ಮಾಡಿ, ಕೊನೆಗೆ ಉತ್ತರ ಬರೆದೆ: ಶಿವಮೊಗ್ಗದಲ್ಲಿ ಉಪಾಧ್ಯಾಯರಿಗೆ ತರಬೇತಿ ಇಟ್ಟಿದ್ದಾರೆ, ಬರಲಾಗದ್ದಕ್ಕೆ ಬಹಳ ನೋವಾಗಿದೆ. 'ಬಹಳ' ಎಂಬ ಪದದ ಕೆಳಗೆ ಗೆರೆ ಕೂಡ ಎಳೆದೆ.

ಗುರುವಾರ ಜೀಪು ಬಂತು. ಶಿರಾಳಕೊಪ್ಪ ದಾಟಿ, ಸೊರಬ ದಾಟಿ, ಕುಪ್ಪಗಡ್ಡೆಯ ಕಡೆ ಹೋಗುತ್ತದೆ ಎಂದು ನಾನು ನಿಶ್ಚಿಂತನಾಗಿ ತೂಕಡಿಸುತ್ತಿದ್ದೆ. ಕಣ್ಣು ಬಿಟ್ಟಾಗ ಒಂದು ಕೆರೆಯ ದಂಡೆಯ ಮಾವಿನ ತೋಪಿನಲ್ಲಿ ಆರು ಬಿಳಿ ಡೇರೆಗಳು. ಎದುರು ದಂಡೆಯಲ್ಲಿ ಒಂದು ಊರು. ಆ ಊರಿನ ಅಂಚಿನಲ್ಲಿ ಹೆಂಚಿನ ಮನೆ, ಅದರ ಪಕ್ಕದಲ್ಲಿ ಒಂದೇ ಕಡೆಗೆ ವಾಲಿದ ಹುಲ್ಲಿನ ಬಣವೆ. ಬಣವೆಯನ್ನು ಅಷ್ಟು ವಕ್ರವಾಗಿ ಒಟ್ಟುವವರು ಭೂಮಿಯ ಮೇಲೆ ಒಬ್ಬರೇ, ನಮ್ಮ ಭಾವ. ಆದರೂ ಖಚಿತ ಮಾಡಿಕೊಳ್ಳೋಣವೆಂದು ಬಟ್ಲರನನ್ನು ಕೇಳಿದೆ. "ಹೊಸಬಾಳೆ ಅಂತಾರೆ ಸಾರ್. ಒಳ್ಳೇ ಹಾಲು ಸಿಗುತ್ತೆ" ಎಂದ. ತರಬೇತಿಗೆಂದು ಶಿವಮೊಗ್ಗದಲ್ಲಿರಬೇಕಾದ ತಮ್ಮ, ಅಕ್ಕನ ಅಂಗಳದ ಎದುರೇ ಬಂದಿಳಿದಿದ್ದ. ಆಗಲೇ ಕೆರೆ ಸುತ್ತಿ ಹೋಗಿ, ತರಬೇತಿ ರದ್ದಾಯಿತು ಎಂದು ಇನ್ನೊಂದು ಸಣ್ಣ ಸುಳ್ಳು ಹೇಳಿಬಿಟ್ಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಹೋಗುವ ಮೊದಲು ಡೇರೆಯೊಳಗೆ ಒಂದು ಸಲ ಇಣುಕಿ ನೋಡಿ ಹೋಗೋಣವೆಂದುಕೊಂಡೆ. ಅದೇ ತಪ್ಪಾಯಿತು.

ಡೇರೆ ಎಂದರೆ ನನಗೆ ಗೊತ್ತಿದ್ದದ್ದು ನಾಟಕ ಕಂಪನಿಯ ಡೇರೆ, ಮಳೆ ಬಂದರೆ ರಾಜ ಕೊಡೆ ಹಿಡಿದುಕೊಂಡು ದರ್ಬಾರು ನಡೆಸುವಂಥದ್ದು. ಇದು ಬೇರೆ. ಎರಡು ಪದರದ ಬಟ್ಟೆ, ಒಳಗೆ ಹಳದಿ ಅಸ್ತರಿ, ನೆಲಕ್ಕೆ ಕಾಲು ಹುದುಗುವಷ್ಟು ದಪ್ಪದ ರತ್ನಗಂಬಳಿ. ಆಳೆತ್ತರದ ಕನ್ನಡಿ. ಮಡಚುವ ಮೇಜು, ಮಡಚುವ ಕುರ್ಚಿ, ಮಡಚುವ ಕ್ಯಾನ್ವಾಸಿನ ಸ್ನಾನದ ತೊಟ್ಟಿ. ನನ್ನನ್ನೊಬ್ಬನನ್ನು ಬಿಟ್ಟರೆ ಮಡಚಲಾಗದ್ದು ಅಲ್ಲಿ ಏನೂ ಇರಲಿಲ್ಲ. ಮಂಚದ ಮೇಲೆ ಕೂತೆ, ಅದು ನನ್ನನ್ನು ಮೇಲಕ್ಕೆತ್ತಿ ಇಳಿಸಿತು. ಹೇಗಿದೆ ನೋಡೋಣವೆಂದು ಒರಗಿದೆ. ಎಚ್ಚರವಾದಾಗ ಶುಕ್ರವಾರ ಬೆಳಗಾಗಿತ್ತು, ತಲೆಯ ಬಳಿ ಬಟ್ಲರ್ ಟ್ರೇ ಹಿಡಿದು ನಿಂತಿದ್ದ. ನಮ್ಮ ಮನೆಯಲ್ಲಿ ಹಲ್ಲುಜ್ಜಿ, ಸ್ನಾನ ಮಾಡಿ, ಲಿಂಗಪೂಜೆಯಾಗದೆ ಗುಟುಕು ನೀರು ಕುಡಿಯುವಂತಿಲ್ಲ. ನಾನು ಹಾಸಿಗೆಯಲ್ಲಿ ಎದ್ದು ಕೂತು, ಹಲ್ಲನ್ನೂ ಉಜ್ಜದೆ, ಎರಡು ಕಪ್ಪು ಚಹಾ ಕುಡಿದೆ. ನಾನು ಸಸ್ಯಾಹಾರಿ ಎಂದು ಬೇರೆ ಪಾತ್ರೆ ಇಟ್ಟಿದ್ದರು, ನಿಜ. ಆದರೆ ಚಹಾದ ಜೊತೆಗಿದ್ದ ಕೇಕಿನಲ್ಲಿ ಏನೇನು ಹಾಕುತ್ತಾರೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದಲ್ಲ ಎಂಬ ಭಯ. ತೊಟ್ಟಿಯಲ್ಲಿ ಬಿಸಿನೀರು ತುಂಬಿಸಿಕೊಂಡು ಎಮ್ಮೆಯ ಹಾಗೆ ಬಿದ್ದುಕೊಂಡೆ. ಬಟ್ಲರ್ ನನ್ನ ಧೋತರ ಒಗೆಸಿ ಡೇರೆಯ ಹಗ್ಗದ ಮೇಲೆ ಹರವಿಸಿದ. ಸೋಮವಾರ ಸಂಜೆ ಹೊರಡುವಾಗ ಅಕ್ಕನ ಮನೆಗೆ ಹೋದರಾಯಿತು ಎಂದು ತೊಟ್ಟಿಯಲ್ಲೇ ತೀರ್ಮಾನಿಸಿದೆ.

ತಿಂಡಿಯ ಹೊತ್ತಿಗೆ ಮೇಜರ್ ದಿನದ ಕಾರ್ಯಕ್ರಮ ಹೇಳಿದರು. ತಮಟೆ ಬಡಿದು ಕಾಡಿನಿಂದ ಪ್ರಾಣಿಗಳನ್ನು ಎಬ್ಬಿಸಲು ಜನ ಬೇಕು, ಎದುರಿನ ಊರಿಗೆ ಹೋಗಿ ಮಾತಾಡೋಣ. ಪರದೇಶದ ಅತಿಥಿಗಳ ಪೈಕಿ ಇದ್ದ ದೊರೆಸಾನಿಯವರೂ ಬರುತ್ತಾರೆ, ಅವರಿಗೆ ಒಂದು ರೈತರ ಮನೆಯ ಒಳಗೆ ನೋಡಬೇಕಂತೆ. ದೊರೆಸಾನಿ ನಕ್ಕು ತಲೆಯಾಡಿಸಿದರು. ನನಗೆ ಕೆರೆದಂಡೆಯ ಮೊದಲನೆಯ ಮನೆಯೇ ಕಣ್ಣಿಗೆ ಕಟ್ಟಿತು. ಅಕ್ಕ ಹೊರಗೆ ಬರುತ್ತಾಳೆ, "ಶಿವಮೊಗ್ಗದಾಗೆ ಇಲ್ಲೇನೋ?" ಎನ್ನುತ್ತಾಳೆ, ಪರದೇಶದವರ ಮುಂದೆಯೇ ಗಲ್ಲ ಹಿಡಿದು ಬಡವಾಗಿದೀಯ ಎನ್ನುತ್ತಾಳೆ, ನನ್ನ ಟ್ರಂಕು ಮನೆಗೆ ತರಿಸುತ್ತಾಳೆ. ಒಡಹುಟ್ಟಿದವಳ ಮನೆ ಕೂಗಳತೆಯಲ್ಲಿರುವಾಗ ತಮ್ಮ ಬಯಲಲ್ಲಿ ಬಟ್ಟೆಯ ಕೆಳಗೆ ಮಲಗುವುದೆಂದರೆ ನಮ್ಮ ಕಡೆ ಅದು ಅವಳ ಮುಖಕ್ಕೆ ಹೊಡೆದ ಹಾಗೆ. ಬಾಯಿ ತನ್ನಷ್ಟಕ್ಕೆ ತಾನೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟಿತು: "ಆ ಊರಿಗೆ ಹೋಗುವುದು ಬೇಡ. ಅಲ್ಲಿ ಸಿಡುಬು ಇದೆ."

ನನ್ನ ಇಂಗ್ಲಿಷು ಅಷ್ಟು ಸಲೀಸಾಗಿ, ಅಷ್ಟು ತಪ್ಪಿಲ್ಲದೆ ಹಿಂದೆಂದೂ ಹೊರಟಿರಲಿಲ್ಲ. ದೊರೆಸಾನಿಯವರ ಕೈಯಿಂದ ಚಮಚ ಬಿತ್ತು. ಜೀಪು ಕುಪ್ಪಗಡ್ಡೆಯ ಕಡೆ ತಿರುಗಿತು. ಅಲ್ಲಿಯ ಜನ, "ಹೊಸಬಾಳೆ ಹತ್ತಿರಾನೇ ಇತ್ತಲ್ಲ, ಇಷ್ಟು ದೂರ ಯಾಕೆ ಬಂದ್ರಿ?" ಎಂದು ಕೇಳಿದಾಗ ನಾನು ಕೆಮ್ಮಿದೆ, ಡ್ರೈವರ್ ಕಾರಣ ಹೇಳಿದ. "ಅಯ್ಯೋ ಶಿವನೇ, ಅಮ್ಮ ಬಂದಾಳಾ!" ಎಂದರು ಜನ. ನಮ್ಮ ಕಡೆ ಸಿಡುಬನ್ನು ಹೆಸರಿಟ್ಟು ಕರೆಯುವುದಿಲ್ಲ, ಅಮ್ಮ ಎನ್ನುತ್ತಾರೆ. ಅಮ್ಮ ಬಂದ ಊರಿಗೆ ನೆಂಟರು ಹೋಗುವುದಿಲ್ಲ, ಆ ಊರಿನಿಂದ ಹೆಣ್ಣು ಗಂಡಿನ ಮಾತೂ ಎತ್ತುವುದಿಲ್ಲ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ಆದರೆ ಆ ಕ್ಷಣದಲ್ಲಿ ಅದು ನೆನಪಾಗಲಿಲ್ಲವೆಂದು ಹೇಳಿದರೆ ನೀವು ನಂಬುತ್ತೀರೋ ಇಲ್ಲವೋ. ನನಗೇ ಪೂರ್ತಿ ನಂಬಿಕೆಯಿಲ್ಲ.

ಮೇಜರ್ ಪಲ್ಟನ್ನಿನ ಶಿಸ್ತಿನ ಮನುಷ್ಯ. ಹೊಸಬಾಳೆಯಲ್ಲಿ ಸಿಡುಬಿದೆ ಎಂದು, ನನಗೆ ಹೇಳದೆ, ಸೊರಬದ ಆಸ್ಪತ್ರೆಗೆ ಚೀಟಿ ಕಳಿಸಿದ್ದರು. ಶನಿವಾರ ಬೆಳಿಗ್ಗೆ ಎದುರು ದಂಡೆಯಲ್ಲಿ ಗದ್ದಲ. ದೊರೆಸಾನಿ ದುರ್ಬೀನಿನಲ್ಲಿ ನೋಡಿ, ಬಹಳ ಸ್ವಾರಸ್ಯವಾಗಿದೆ, ನೀವೂ ನೋಡಿ ಎಂದು ನನ್ನ ಕೈಗೆ ಕೊಟ್ಟರು. ಸಿಡುಬು ಬಾರದಂತೆ ತೋಳಿಗೆ ಚುಚ್ಚಿ ದಾಕು ಹಾಕುವವರು ಪೆಟ್ಟಿಗೆ ಬಿಚ್ಚಿ ಕೂತಿದ್ದರು. ಇಡೀ ಊರು ಸಾಲಾಗಿ ನಿಂತಿತ್ತು. ಬಣವೆಯ ಪಕ್ಕದ ಮನೆಯ ಬಾಗಿಲಿಗೆ ಬೇವಿನ ತೋರಣ. ಸೂಜಿಗೆ ಹೆದರಿ ಅವಿತಿದ್ದ ಭಾವನವರನ್ನು ಇಬ್ಬರು ಮನೆಯೊಳಗಿನಿಂದ ಎಳೆದು ತರುತ್ತಿದ್ದರು. ಅವರ ಹಿಂದೆ, ಕುಪ್ಪಸದ ತೋಳು ಮೇಲಕ್ಕೆ ಮಡಚಿಕೊಂಡು, ನಮ್ಮಕ್ಕ. ಸೂಜಿ ಚುಚ್ಚುವಾಗ ಅವಳು ಮುಖ ತಿರುಗಿಸಿದಳು. ತಿರುಗಿಸಿದ ಮುಖ ನೇರವಾಗಿ ನನ್ನ ಕಡೆಗೇ ಇತ್ತು. ದುರ್ಬೀನಿನಲ್ಲಿ ಎಲ್ಲವೂ ಹತ್ತಿರ ಕಾಣುತ್ತದೆ, ಅಷ್ಟೇ, ಅವಳಿಗೆ ನಾನು ಕಾಣುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ದಿನ ನನಗೆ ನಿಜವಾಗಿ ನಾಚಿಕೆಯಾಯಿತು. ಮಧ್ಯಾಹ್ನ ಮಂಚದ ಮೇಲೆ ಮಲಗಿ ಆ ನಾಚಿಕೆಯ ವಿಷಯವನ್ನೇ ಯೋಚಿಸುತ್ತ ಎರಡೂವರೆ ಗಂಟೆ ನಿದ್ದೆ ಮಾಡಿದೆ. ಇದನ್ನು ಬರೆಯುವಾಗ ಮೊದಲಿನದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿದೆ.

ಸೋಮವಾರ ಮಧ್ಯಾಹ್ನ ಬಟ್ಲರ್ ಬಂದು, "ಆ ಊರಿಂದ ಒಬ್ಬ ಹೆಂಗಸು ಬಂದಿದ್ದಾರೆ ಸಾರ್, ಮೇಜರ್ ನಿಮ್ಮನ್ನ ಕರೀತಾರೆ" ಎಂದ. ದೊರೆಸಾನಿಯ ಅಪ್ಪಣೆಯಂತೆ ಅವಳನ್ನು ಇಪ್ಪತ್ತು ಮಾರು ದೂರದಲ್ಲಿ, ಹಗ್ಗ ಕಟ್ಟಿದ ಗೂಟದ ಆಚೆ ನಿಲ್ಲಿಸಿದ್ದರು. ಒಳ್ಳೆಯ ಇಳಕಲ್ ಸೀರೆ, ಕಂಕುಳಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ, ಎಡತೋಳು ಊದಿಕೊಂಡು ಕುಪ್ಪಸಕ್ಕೆ ಬಿಗಿದಿತ್ತು. ಗೌರಕ್ಕ. ಓಡಿ ಹೋಗೋಣವೆಂದರೆ ಹಿಂದೆ ಮೇಜರ್, ಮುಂದೆ ಅಕ್ಕ. ಈಗ "ತಮ್ಮಾ" ಎನ್ನುತ್ತಾಳೆ, ಎಲ್ಲ ಮುಗಿಯಿತು ಎಂದು ಕಣ್ಣು ಮುಚ್ಚಿಕೊಂಡೆ.

"ನಮಸ್ಕಾರ್ರೀ ಮಾಸ್ತರ್ರೇ" ಎಂದಳು ಅಕ್ಕ.

ಕಣ್ಣು ಬಿಟ್ಟೆ. ಅವಳು ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡುತ್ತಿದ್ದಳು.

"ತಾವು ಈ ಸಾಹೇಬ್ರಿಗೆ ನಮ್ಮ ಮಾತು ತಿಳಿಸಿ ಹೇಳ್ತೀರಂತೆ. ನಮ್ಮೂರಾಗೆ ಯಾರಿಗೂ ಅಮ್ಮ ಬಂದಿಲ್ಲ ಅಂತ ಹೇಳ್ರಿ. ದಾಕು ಹಾಕಿದೋರೇ ಮನೆ ಮನೆ ಹೊಕ್ಕು ನೋಡಿ ಹೋದ್ರು. ಇವತ್ತು ನಮ್ಮ ಹುಡುಗೀನ ನೋಡಾಕೆ ಉಡುತಡಿಯೋರು ಬರಬೇಕಿತ್ತು. ದಾರ್ಯಾಗೆ ಸುದ್ದಿ ಕೇಳಿ ಗಾಡಿ ತಿರುಗಿಸ್ಕೊಂಡು ಹೋಗ್ಯಾರೆ. ಹುಡುಗಿ ಸೀರೆ ಉಟ್ಕೊಂಡು ಕೂತಿತ್ತು, ಮಾಸ್ತರ್ರೇ. ಸುದ್ದಿ ಈ ಡೇರೆಯಿಂದ ಹೊಂಟಿದ್ದಂತೆ. ಸಾಹೇಬ್ರೇ ರೋಗ ಇಲ್ಲ ಅಂತ ಒಂದು ಚೀಟಿ ಬರೆದುಕೊಟ್ರೆ ಉಡುತಡಿಯೋರು ನಂಬ್ತಾರೆ."

ನಾನು ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿದೆ. ಸೀರೆ ಉಟ್ಟು ಕೂತ ಮಾತನ್ನು ಮಾತ್ರ ಬಿಟ್ಟೆ. ಮೇಜರ್ ಹುಬ್ಬು ಗಂಟಿಕ್ಕಿ, ಹಾಗಾದರೆ ರೋಗವಿದೆ ಎಂದು ನಿಮಗೆ ಹೇಳಿದವರು ಯಾರು ಎಂದರು. ಆಗಲಾದರೂ ನಿಜ ಹೇಳಬಹುದಿತ್ತು. "ಯಾರೋ ದನ ಕಾಯುವವನು" ಎಂದೆ. ಅಂಥವನಿಗೆ ಚಾಟಿಯಲ್ಲಿ ಬಾರಿಸಬೇಕು, ಈ ಮಾತನ್ನು ಆಕೆಗೂ ತಿಳಿಸಿ ಎಂದರು ಮೇಜರ್. ತಿಳಿಸಿದೆ. "ಸುಳ್ಳು ಹೇಳಿದವನಿಗೆ ಚಾಟಿಯಲ್ಲಿ ಹೊಡೀಬೇಕು ಅಂತಾರೆ ಸಾಹೇಬರು."

"ಬ್ಯಾಡ ಅನ್ರಿ" ಎಂದಳು ಅಕ್ಕ. "ಯಾರೋ ತಿಳೀದೆ ಅಂದಿರ್ತಾರೆ. ಹೊತ್ತೊತ್ತಿಗೆ ಉಂಡಾನೋ ಇಲ್ಲೋ, ಪಾಪ."

ಅದನ್ನೂ ನಾನೇ ಇಂಗ್ಲಿಷಿಗೆ ತಿರುಗಿಸಬೇಕಾಯಿತು. ಎಷ್ಟೋ ಕಠಿಣ ಪದ್ಯಗಳನ್ನು ತರಗತಿಯಲ್ಲಿ ಬಿಡಿಸಿ ಹೇಳಿದ್ದೇನೆ, ಆ ಒಂದು ಸಾಲಿನಷ್ಟು ಯಾವುದೂ ಕಷ್ಟವಾಗಲಿಲ್ಲ. ಮೇಜರ್ ಚೀಟಿ ಬರೆದು ಸಹಿ ಮಾಡಿದರು. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿದಳು. ಬುಟ್ಟಿಯನ್ನು ಹಗ್ಗದ ಪಕ್ಕ ಇಟ್ಟು, "ಬರೋರಿಗೆ ಅಂತ ಮಾಡಿದ್ದು. ಮಾಸ್ತರ್ರಿಗೆ ಇರಲಿ" ಎಂದು, ಹಿಂತಿರುಗಿ ನೋಡದೆ ಹೋದಳು. ಬಟ್ಲರ್ ನನ್ನ ಕಿವಿಯ ಹತ್ತಿರ, "ನಿಮ್ಮ ಮೂಗು, ಆ ಅಮ್ಮನ ಮೂಗು ಒಂದೇ ಥರ ಇದೆಯಲ್ಲ ಸಾರ್" ಎಂದ. ಈ ಸೀಮೆಯಲ್ಲಿ ಎಲ್ಲರ ಮೂಗೂ ಹೀಗೇ ಇರುತ್ತದೆ ಎಂದೆ.

ದೊರೆಸಾನಿಯವರು ಬುಟ್ಟಿಯನ್ನು ದೂರ ಒಯ್ದು ಹೂತುಹಾಕಲು ಹೇಳಿದರು. ಬಟ್ಲರ್ ಅದನ್ನು ಕೋಲಿಗೆ ಸಿಕ್ಕಿಸಿಕೊಂಡು ತೋಪಿನ ಆಚೆ ಹೊರಟ. ನನಗೆ ಆಗ ಏನಾಯಿತೋ ಗೊತ್ತಿಲ್ಲ, ಹಿಂದೆಯೇ ಓಡಿ ಬುಟ್ಟಿ ಕಿತ್ತುಕೊಂಡೆ. ಬಾಳೆಲೆಯಲ್ಲಿ ಸುತ್ತಿದ ಹನ್ನೊಂದು ಹೋಳಿಗೆ, ಸಣ್ಣ ಗಿಂಡಿಯಲ್ಲಿ ತುಪ್ಪ. ಅದನ್ನು ಹೂಳಲು ತೋಡಿಸಿದ್ದ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಒಂದಾದ ಮೇಲೊಂದು ಹನ್ನೊಂದನ್ನೂ ತಿಂದೆ. ಕಣ್ಣಲ್ಲಿ ನೀರು ಬಂತು. ನೀರು ಬಂದರೂ ತಿನ್ನುವುದು ನಿಲ್ಲಲಿಲ್ಲ. ದೊರೆಸಾನಿ ಡೇರೆಯ ಮುಂದೆ ನಿಂತು ಇದಿಷ್ಟನ್ನೂ ದುರ್ಬೀನಿನಲ್ಲಿ ನೋಡಿದರು.

ಚೀಟಿ ಬರೆದುಕೊಟ್ಟವರು ಮೇಜರ್, ಅದನ್ನು ನಂಬಬೇಕೆಂಬ ನಿಯಮ ದೊರೆಸಾನಿಗೆ ಇರಲಿಲ್ಲ. ಸಿಡುಬಿನ ಊರಿನ ತಿಂಡಿ ತಿಂದವನು ಒಂದು ಗಳಿಗೆಯೂ ಇಲ್ಲಿರಕೂಡದು, ಜೀಪನ್ನೂ ಮುಟ್ಟಕೂಡದು ಎಂದಾಯಿತು. ನನ್ನ ಹಾಸಿಗೆಯ ವಸ್ತ್ರಗಳನ್ನು ಕುದಿಯುವ ನೀರಿಗೆ ಹಾಕಿದರು. ಸೊಳ್ಳೆಪರದೆಯನ್ನು ಬಟ್ಲರ್ ಎರಡು ಕೋಲಿನಲ್ಲಿ ಹಿಡಿದು ಒಯ್ಯುವುದನ್ನು ನೋಡುತ್ತ, ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡು ಕೆರೆಯ ಏರಿ ಹಿಡಿದೆ. ಹೋಗಲು ಇದ್ದದ್ದು ಒಂದೇ ಮನೆ.

ಅಕ್ಕ ಬಾಗಿಲಲ್ಲೇ ಇದ್ದಳು. "ಬಂದ್ಯಾ ತಮ್ಮಾ. ಟ್ರಂಕು ಇಳಿಸು. ನೀರು ಕಾದೈತೆ, ಮೊದಲು ಮೈಗೆ ಹಾಕ್ಕೋ" ಎಂದಳು.

"ನಾನು ಬರೋದು ನಿನಗೆ ಹ್ಯಾಗೆ ಗೊತ್ತಿತ್ತಕ್ಕ?"

"ಶುಕ್ರವಾರದಿಂದ ದಿನಾ ಕಾಯಿಸ್ತಾನೇ ಇದೀನಿ. ಡೇರೆ ಹಗ್ಗದ ಮ್ಯಾಲೆ ಧೋತರ ಕಂಡೆ. ಹಸಿರಂಚಿಂದು. ಈ ಮನೆ ಗೃಹಪ್ರವೇಶದಾಗೆ ನಿನಗೆ ಉಡುಗೊರೆ ಕೊಡಾಕೆ ಅಂತ ನಾನೇ ಆರಿಸಿ ತಂದಿದ್ದಲ್ಲೇನು? ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂದ್ಕೊಂಡೆ."

"ಮತ್ತೆ ಅಲ್ಲಿ ಮಾಸ್ತರ್ರೇ ಅಂದ್ಯಲ್ಲ?"

"ನಾಲ್ಕು ಜನದ ಮುಂದೆ ನೀನು ಯಾರು ಅಂತ ಹೇಳ್ಕೊಂಡಿದ್ಯೋ ಏನೋ. ನಾನ್ಯಾಕೆ ಅದನ್ನ ಕೆಡಿಸ್ಲಿ ಅಂದೆ."

ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. "ನೀರು ಆರ್ತೈತೆ, ಹೋಗು" ಎಂದಳು. ಹೋದೆ. ಒಳಗಿನಿಂದ ನೀಲ ಮೂಗು ಸೀಟುವ ಸದ್ದು ಕೇಳುತ್ತಿತ್ತು. ಬಚ್ಚಲಲ್ಲಿ ಕೂತು ಚೊಂಬಿನಿಂದ ತಲೆಗೆ ನೀರು ಸುರಿದುಕೊಂಡೆ. ಅತ್ತರೂ ಯಾರಿಗೂ ಗೊತ್ತಾಗದ ಜಾಗ ಅದೊಂದೇ.

ಮರುದಿನ ಚೀಟಿ ಹಿಡಿದುಕೊಂಡು ಉಡುತಡಿಗೆ ನಾನೇ ಹೋದೆ. ಗಂಡಿನ ತಂದೆ ಮಹೇಶಪ್ಪನವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಇಂಗ್ಲಿಷು. ಓದೋರು ನೀವೊಬ್ಬರೇ. ನೀವು ಹುಡುಗಿ ಸೋದರಮಾವ. ಐತೆ ಅಂತ ಬರೆದಿದ್ದನ್ನ ಇಲ್ಲ ಅಂತ ಓದಿದ್ರೆ ನಮಗೇನ್ರೀ ತಿಳೀತದೆ?" ಎಂದರು. ಮಾತು ನ್ಯಾಯವಾಗಿತ್ತು. ಜಗಲಿಯ ಮೇಲೆ ಊರಿನ ಐದಾರು ಹಿರಿಯರು ಕೂತಿದ್ದರು. ನೀಲಳ ಮೂಗಿನ ಸದ್ದು ನೆನಪಾಯಿತು. ಆ ಸುದ್ದಿ ಹುಟ್ಟಿಸಿದವನೇ ನಾನು ಎಂದೆ. ಕಾರ್ಡಿನಲ್ಲಿ ಬರೆದ ತರಬೇತಿಯಿಂದ ಹಿಡಿದು ಹನ್ನೊಂದು ಹೋಳಿಗೆಯವರೆಗೆ ಒಂದನ್ನೂ ಬಿಡದೆ ಹೇಳಿದೆ. ಮಹೇಶಪ್ಪನವರು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಮಂಚದ ಮ್ಯಾಲೆ ಮಲಗಾಕೆ ಅಂತ ಇಡೀ ಊರಿಗೆ ದಾಕು ಹಾಕ್ಸಿದೋರು ನೀವು! ಇಂಥದನ್ನ ಯಾರೂ ಕಟ್ಟಿ ಹೇಳಾಕೆ ಆಗಲ್ಲ ಬಿಡ್ರಿ. ನಿಜಾನೇ ಇರಬೇಕು" ಎಂದರು. ಮುಂದಿನ ಸೋಮವಾರವೇ ಬಂದರು, ಹುಡುಗಿಯನ್ನು ಒಪ್ಪಿದರು. ಜಮಖಾನೆಯ ಮೇಲೆ ನೆಟ್ಟಗೆ ಕೂತು ಬಾವಿಯ ನೀರಿನ ವಿಷಯ ಕೇಳಿದವನು ನಾನೇ. ಅಕ್ಕನಿಗೆ ಮಾತ್ರ ಈ ವಿಷಯ ಹೇಳಬೇಡಿ ಎಂದು ಬೀಗರ ಹತ್ತಿರ ಬೇಡಿಕೊಂಡಿದ್ದೆ. ಅವರು ಮಾತು ಕೊಟ್ಟಿದ್ದರು, ನಾನೂ ಇಷ್ಟು ವರ್ಷ ನಂಬಿಕೊಂಡಿದ್ದೆ.

ಹೋದ ತಿಂಗಳು ಹೆಂಡತಿಯ ಜೊತೆ ಹೊಸಬಾಳೆಗೆ ಹೋಗಿದ್ದೆ. ಅಕ್ಕ ಎಲೆಗೆ ಹೋಳಿಗೆ ಬಡಿಸಲು ಬಗ್ಗಿದಳು. ನನ್ನ ಹೆಂಡತಿ, "ಅಕ್ಕಾರೇ, ತೋಳಿನ ಮೇಲೆ ಇದೇನು ಇಷ್ಟು ದೊಡ್ಡ ಗುರುತು?" ಎಂದು ಕೇಳಿದಳು.

"ಇದಾ?" ಎಂದಳು ಅಕ್ಕ. "ಇದು ನಿನ್ನ ಗಂಡ ಒಂದ್ಸಲ ನಮ್ಮೂರಿಗೆ ಬಂದಿದ್ದ ಗುರುತು." ಇನ್ನೊಂದು ಹೋಳಿಗೆಯನ್ನು ನನ್ನ ಎಲೆಗೆ ಹಾಕಿ, "ಸಾಕು ಅನ್ನಬ್ಯಾಡ. ಹನ್ನೊಂದು ತಿನ್ನೋನು ನೀನು" ಎಂದು ಒಳಗೆ ಹೋದಳು.

ಬುಟ್ಟಿಯ ಹನ್ನೊಂದನ್ನೂ ನಾನೊಬ್ಬನೇ ತಿಂದೆನೆಂದು ಉಡುತಡಿಯ ಜಗಲಿಯ ಮೇಲೆ ಬಿಟ್ಟರೆ ನಾನು ಬೇರೆಲ್ಲೂ ಹೇಳಿರಲಿಲ್ಲ. ಹೆಂಡತಿ ನನ್ನ ಮುಖ ನೋಡುತ್ತಿದ್ದಳು, ನಾನು ಎಲೆ ನೋಡುತ್ತಿದ್ದೆ. ಊಟವಾದ ಮೇಲೆ ಅಕ್ಕ ಜಗಲಿಯ ಮೇಲೆ ಚಾಪೆ ಹಾಸಿ ದಿಂಬು ತಂದಿಟ್ಟಳು. ಎದುರಿಗೆ ಕೆರೆ, ಅದರಾಚೆ ಮಾವಿನ ತೋಪು. ಮಲಗಿ ಕಣ್ಣು ಮುಚ್ಚಿದೆ, ನಿದ್ದೆ ಬರಲಿಲ್ಲ. ನಿದ್ದೆ ಬಾರದ ದೊಡ್ಡ ಮನುಷ್ಯರ ಸಾಲಿಗೆ ಕೊನೆಗೂ ನಾನು ಸೇರಿದೆ ಎಂದು ತಿಳಿದುಕೊಂಡೆ. ಹೆಂಡತಿ ಹೇಳುವ ಪ್ರಕಾರ, ಹತ್ತೇ ನಿಮಿಷಕ್ಕೆ ಗೊರಕೆ ಶುರುವಾಯಿತಂತೆ.